ಕಾರಾಗೃಹ ಸುಧಾರಣೆಯಲ್ಲಿ ವರ್ಚುವಲ್ ರಿಯಾಲಿಟಿ

ಕಣ್ಣನ್ನು ಪೂರ್ತಿ ಮುಚ್ಚುವ ಹೆಡ್‌ಸೆಟ್ ತೊಟ್ಟವನಿಗೆ, ಕಂಪ್ಯೂಟರ್ ಕಟ್ಟಿದ ಲೋಕದೊಳಗೆ ತಾನೇ ಇದ್ದೇನೆ ಎನ್ನಿಸುವಂತೆ ಮಾಡುವ ತಂತ್ರಜ್ಞಾನ ವರ್ಚುವಲ್ ರಿಯಾಲಿಟಿ. ಬಳಕೆಯಲ್ಲಿ ಅದು ವಿಆರ್. ಮಿಥ್ಯಾವಾಸ್ತವ ಎಂದು ಬರೆಯುವವರೂ ಇದ್ದಾರೆ. ಕತ್ತು ಹೊರಳಿಸಿದರೆ ನೋಟ ಹೊರಳುತ್ತದೆ, ಕೈ ಚಾಚಿದರೆ ಆ ಲೋಕದ ಕೈಯೂ ಚಾಚುತ್ತದೆ. ಜೈಲುಗಳಲ್ಲಿ ಇದನ್ನು ಬಿಡುಗಡೆಗೆ ಮುನ್ನ ಹೊರಗಿನ ಬದುಕನ್ನು ಅಭ್ಯಾಸ ಮಾಡಿಸಲು, ಕಸುಬು ಕಲಿಸಲು, ಸಿಟ್ಟು ಹತೋಟಿಗೆ ತರುವ ಚಿಕಿತ್ಸೆಗೆ, ತಾನು ನೋಯಿಸಿದವರ ಜಾಗದಲ್ಲಿ ನಿಂತು ನೋಡುವ ಅನುಭವಕ್ಕೆ ಬಳಸುತ್ತ ಬಂದಿದ್ದಾರೆ. ಈ ಬಳಕೆಯ ಇತಿಹಾಸ ಚಿಕ್ಕದು, ಹೆಚ್ಚುಕಡಿಮೆ 2010ರ ದಶಕದ ನಡುವಿನಿಂದ ಈಚಿನದು. ಆದರೆ ಬಿಡುಗಡೆಯಾಗುವ ಮೊದಲೇ ಬಿಡುಗಡೆಯ ಬದುಕಿಗೆ ತಾಲೀಮು ಬೇಕು ಎಂಬ ವಿಚಾರ ಅದಕ್ಕಿಂತ ಬಹಳ ಹಳೆಯದು. ಅದರಲ್ಲಿ ಕನ್ನಡನಾಡಿಗೂ ಒಂದು ಪಾಲಿದೆ.

ಹಿನ್ನೆಲೆ

ಬ್ರಿಟಿಷರ ಕಾಲದ 1894ರ ಕಾರಾಗೃಹ ಕಾಯ್ದೆಗೆ ಬಂದಿಯನ್ನು ಕಾಯುವುದೇ ಮುಖ್ಯವಾಗಿತ್ತು. ಬೀಗ, ಬೇಡಿ, ದುಡಿಮೆ, ಶಿಸ್ತು, ತಪ್ಪಿದರೆ ಶಿಕ್ಷೆ. ಹೊರಗೆ ಹೋದ ಮೇಲೆ ಆ ಮನುಷ್ಯ ಹೇಗೆ ಬದುಕುತ್ತಾನೆ ಎಂಬುದು ಜೈಲಿನ ತಲೆನೋವಾಗಿರಲಿಲ್ಲ. ಇದಕ್ಕೆ ಎದುರಾಗಿ ನಿಂತ ಒಂದು ಪ್ರಯೋಗ ನಮ್ಮ ಗಡಿಗೆ ಹತ್ತಿರದಲ್ಲೇ ನಡೆಯಿತು. ಈಗ ಸಾಂಗ್ಲಿ ಜಿಲ್ಲೆಗೆ ಸೇರಿದ ಆಟಪಾಡಿಯ ಬಳಿ, ಅಂದಿನ ಔಂಧ್ ಸಂಸ್ಥಾನದಲ್ಲಿ, 1939ರಲ್ಲಿ ಸ್ವತಂತ್ರಪುರ ಎಂಬ ಬಯಲು ಬಂದೀಖಾನೆ ಶುರುವಾಯಿತು. ಗೋಡೆಯಿಲ್ಲದ ಆ ಜಾಗದಲ್ಲಿ ಬಂದಿಗಳು ಬೇಸಾಯ ಮಾಡಿಕೊಂಡು, ನಂಬಿಕೆಯ ಮೇಲೆ ಇದ್ದರು. ಅದರ ಹಿಂದಿದ್ದ ಮಾರಿಸ್ ಫ್ರೀಡ್‌ಮನ್ ಪೋಲೆಂಡ್ ದೇಶದ ಎಂಜಿನಿಯರ್. ಔಂಧ್‌ಗೆ ಹೋಗುವ ಮೊದಲು ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ವಿದ್ಯುತ್ ಕಾರ್ಖಾನೆಯನ್ನು ನಡೆಸುತ್ತಿದ್ದವರು. ವಿ. ಶಾಂತಾರಾಮ್ ಅವರ 1957ರ ‘ದೋ ಆಂಖೇ ಬಾರಹ್ ಹಾಥ್’ ಚಿತ್ರಕ್ಕೆ ಪ್ರೇರಣೆಯಾದದ್ದು ಈ ಸ್ವತಂತ್ರಪುರವೇ. ಕರ್ನಾಟಕದಲ್ಲಿ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದ ಬಯಲು ಬಂದೀಖಾನೆಯೂ ಅದೇ ಜಾಡಿನದು.

ಸ್ವಾತಂತ್ರ್ಯಾನಂತರ ಕಾನೂನಿನ ಮಾತೂ ಬದಲಾಯಿತು. ಜೈಲಿನ ಬಾಗಿಲು ದಾಟಿದ ಮಾತ್ರಕ್ಕೆ ಮನುಷ್ಯನ ಮೂಲಭೂತ ಹಕ್ಕುಗಳು ಕಳಚಿ ಬೀಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1978ರ ಸುನಿಲ್ ಬಾತ್ರಾ ತೀರ್ಪಿನಲ್ಲಿ ಹೇಳಿತು. ಏಕಾಂತ ಬಂಧನದ ಕೈಕಟ್ಟಿತು. 1980ರಲ್ಲಿ ನೇಮಕವಾಗಿ 1983ರಲ್ಲಿ ವರದಿ ಕೊಟ್ಟ ನ್ಯಾಯಮೂರ್ತಿ ಮುಲ್ಲಾ ಸಮಿತಿ, ಸುಧಾರಣೆ ಮತ್ತು ಮರುವಸತಿಯೇ ಜೈಲಿನ ಗುರಿಯಾಗಬೇಕು ಎಂದಿತು. 2016ರ ಮಾದರಿ ಕಾರಾಗೃಹ ಕೈಪಿಡಿ, 2023ರ ಮಾದರಿ ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಕಾಯ್ದೆ ಅದೇ ದಾರಿಯಲ್ಲಿ ಬಂದವು.

ಯಂತ್ರದ ಕಥೆ ಬೇರೆಯೇ ಕಡೆಯಿಂದ ಬರುತ್ತದೆ. ಅಮೆರಿಕದ ಐವನ್ ಸದರ್ಲೆಂಡ್ 1968ರಲ್ಲಿ ತಲೆಗೆ ತೊಡುವ ಮೊದಲ ಕಂಪ್ಯೂಟರ್ ಪರದೆಯನ್ನು ಮಾಡಿದರು. ಭಾರ ತಾಳಲಾಗದೆ ಅದನ್ನು ಚಾವಣಿಯಿಂದ ಇಳಿಬಿಡಬೇಕಾಗಿತ್ತು. 1995ರಲ್ಲಿ ಬಾರ್ಬರಾ ರಾಥ್‌ಬಾಮ್ ಮತ್ತು ಸಂಗಡಿಗರು ಎತ್ತರಕ್ಕೆ ಹೆದರುವವರಿಗೆ ವಿಆರ್‌ನಲ್ಲಿ ಚಿಕಿತ್ಸೆ ಕೊಟ್ಟು ಫಲ ಕಂಡರು. ಕೃತಕ ಸೇತುವೆಯ ಮೇಲೆ ನಿಂತವನ ಎದೆ ನಿಜವಾಗಿಯೇ ಡವಗುಟ್ಟುತ್ತದೆ, ಮತ್ತೆ ಮತ್ತೆ ನಿಂತರೆ ಆ ಡವಡವ ಇಳಿಯುತ್ತದೆ ಎಂಬುದು ಅಲ್ಲಿ ಖಚಿತವಾಯಿತು. ಮುಂದೆ ಯುದ್ಧದಿಂದ ಮರಳಿದ ಸೈನಿಕರ ಮಾನಸಿಕ ಆಘಾತಕ್ಕೂ ಇದೇ ವಿಧಾನ ಬಂತು. ಆದರೂ ಯಂತ್ರ ದುಬಾರಿ, ಪ್ರಯೋಗಾಲಯದ ಸೊತ್ತಾಗಿಯೇ ಉಳಿಯಿತು. 2012ರಲ್ಲಿ ಆಕ್ಯುಲಸ್ ಕಂಪನಿ ಜನರಿಂದ ಹಣ ಸಂಗ್ರಹಿಸಿ ಅಗ್ಗದ ಹೆಡ್‌ಸೆಟ್ ಮಾಡಲು ಹೊರಟ ಮೇಲೆ, ಶಾಲೆ, ಆಸ್ಪತ್ರೆ, ಜೈಲುಗಳಿಗೂ ಅದು ಕೈಗೆಟುಕುವಂತಾಯಿತು.

ಬಾರ್ಸಿಲೋನಾದ ಪರಕಾಯ ಪ್ರವೇಶ

ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಚರ್ಚೆಯಾದ ಪ್ರಯೋಗ ಸ್ಪೇನಿನ ಬಾರ್ಸಿಲೋನಾದ್ದು. ಮೆಲ್ ಸ್ಲೇಟರ್ ಮತ್ತು ಮಾವಿ ಸಾಂಚೆಸ್–ವೀವೆಸ್ ಅವರ ಬಳಗದ ಸೋಫಿಯಾ ಸೈನ್‌ಫೆಲ್ಡ್ ಮುಂತಾದವರು ಹೆಂಡತಿ ಅಥವಾ ಸಂಗಾತಿಯ ಮೇಲೆ ಕೈಮಾಡಿ ಶಿಕ್ಷೆಗೊಳಗಾದ 20 ಗಂಡಸರನ್ನೂ, ಅಂಥ ಹಿನ್ನೆಲೆಯಿಲ್ಲದ 19 ಮಂದಿಯನ್ನೂ ತೆಗೆದುಕೊಂಡು ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು.

ಹೆಡ್‌ಸೆಟ್ ತೊಟ್ಟ ಗಂಡಸು ಕಣ್ಣು ಬಿಟ್ಟಾಗ ಒಂದು ಮನೆಯೊಳಗೆ ಇರುತ್ತಾನೆ. ಎದುರಿಗೆ ಕನ್ನಡಿ. ಅದರಲ್ಲಿ ಕಾಣುವುದು ಹೆಂಗಸು. ಇವನು ಕೈ ಎತ್ತಿದರೆ ಅವಳು ಎತ್ತುತ್ತಾಳೆ, ಇವನು ಬಾಗಿದರೆ ಅವಳೂ ಬಾಗುತ್ತಾಳೆ. ಕೆಳಗೆ ನೋಡಿಕೊಂಡರೆ ಮೈಯೂ ಅವಳದೇ. ಈ ಮೈ ತನ್ನದೆಂದು ಮನಸ್ಸು ಒಪ್ಪಿಕೊಳ್ಳುವಷ್ಟು ಹೊತ್ತು ಬಿಟ್ಟು, ಆಮೇಲೆ ಒಬ್ಬ ಗಂಡಸು ಒಳಗೆ ಬರುತ್ತಾನೆ. ಬಂದವನು ಬೈಯುತ್ತಾನೆ, ಹೀಯಾಳಿಸುತ್ತಾನೆ. ಮಾತಾಡಹೋದರೆ ಬಾಯಿ ಮುಚ್ಚು ಎನ್ನುತ್ತಾನೆ, ಮುಖ ತಿರುಗಿಸಿದರೆ ನನ್ನನ್ನೇ ನೋಡು ಎಂದು ಗದರುತ್ತಾನೆ. ಫೋನನ್ನು ನೆಲಕ್ಕೆ ಬೀಸಿ ಒಗೆಯುತ್ತಾನೆ. ಕೊನೆಗೆ ಉಸಿರು ತಾಗುವಷ್ಟು ಹತ್ತಿರ ಬಂದು ನಿಲ್ಲುತ್ತಾನೆ.

ಈ ಅನುಭವಕ್ಕೆ ಮೊದಲು ಮತ್ತು ನಂತರ ಅವರಿಗೆ ಮುಖಗಳ ಚಿತ್ರ ತೋರಿಸಿ, ಯಾವ ಭಾವ ಎಂದು ಕೇಳಲಾಗಿತ್ತು. ಮೊದಲ ಸುತ್ತಿನಲ್ಲಿ ಕಂಡದ್ದು ಕಸಿವಿಸಿಗೊಳಿಸುವ ಸಂಗತಿ: ಹೆದರಿದ ಹೆಣ್ಣಿನ ಮುಖವನ್ನು ಗುರುತಿಸುವುದರಲ್ಲಿ ಶಿಕ್ಷೆಗೊಳಗಾದ ಆ ಗಂಡಸರು ಉಳಿದವರಿಗಿಂತ ಹಿಂದಿದ್ದರು, ಹೆದರಿಕೆಯ ಮುಖವನ್ನು ಸಂತೋಷದ ಮುಖ ಎಂದುಕೊಳ್ಳುವ ಒಲವು ಅವರಲ್ಲಿ ಕಾಣುತ್ತಿತ್ತು. ಹೆಣ್ಣಿನ ಮೈಯಲ್ಲಿ ನಿಂತು ಬಂದ ಮೇಲೆ ಹೆದರಿಕೆಯನ್ನು ಗುರುತಿಸುವ ಅವರ ಶಕ್ತಿ ಸುಧಾರಿಸಿತು. ಕೆಟಲೋನಿಯಾ ಪ್ರಾಂತ್ಯದ ಜೈಲುಗಳ ಸುಧಾರಣಾ ಕಾರ್ಯಕ್ರಮಕ್ಕೂ ಈ ವಿಧಾನ ಬಂತು.

ಇದನ್ನು ಪವಾಡ ಎನ್ನಬಾರದು. ಅಳೆದದ್ದು ಆ ಕೂಡಲೇ ಆದ ಬದಲಾವಣೆಯನ್ನು. ವರ್ಷ ಕಳೆದು ಮನೆಯಲ್ಲಿ ಅವನ ಕೈ ಏಳುತ್ತದೋ ಇಲ್ಲವೋ ಎಂಬುದನ್ನಲ್ಲ. ಆದರೂ ಅಧ್ಯಯನ ಬೆಲೆಯುಳ್ಳದ್ದು. ಎದುರಿಗಿರುವವಳು ನಡುಗುತ್ತಿದ್ದಾಳೆ ಎಂಬುದೇ ಕಣ್ಣಿಗೆ ಬೀಳದವನಿಗೆ ಉಪದೇಶ ಎಷ್ಟು ಕೊಟ್ಟರೂ ಹೊರಗೇ ನಿಲ್ಲುತ್ತದೆ ಎಂಬುದನ್ನು ಇದು ತೋರಿಸಿಕೊಟ್ಟಿತು.

ನೆದರ್ಲೆಂಡ್ಸ್‌ನ ಎಚ್ಚರಿಕೆ

ಡಚ್ಚರ ಪ್ರಯೋಗ ಇನ್ನೊಂದು ಬಗೆಯದು. ಅಪರಾಧ ಎಸಗಿದ ಮಾನಸಿಕ ರೋಗಿಗಳನ್ನು ಇಡುವ ನಾಲ್ಕು ಕೇಂದ್ರಗಳಲ್ಲಿ 128 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 16 ಬೈಠಕ್‌ಗಳ ಸಿಟ್ಟು ನಿಯಂತ್ರಣ ತರಬೇತಿಯನ್ನು ವಿಆರ್‌ನಲ್ಲಿ ಕೊಟ್ಟರು. ಕೆಣಕುವ ಪಾತ್ರಗಳಿಗೆ ಚಿಕಿತ್ಸಕನೇ ಪಕ್ಕದಲ್ಲಿ ಕೂತು, ದನಿ ಬದಲಿಸಿ ಮಾತು ಕೊಡುತ್ತಿದ್ದ. 2020ರಲ್ಲಿ ಪ್ರಕಟವಾದ ಫಲಿತಾಂಶ ನಿರೀಕ್ಷೆಯನ್ನು ತಣ್ಣಗೆ ಮಾಡಿತು. ಸಿಬ್ಬಂದಿ ಗಮನಿಸಿದಂತೆ ಜಗಳ, ಹೊಡೆದಾಟ ಇಳಿಯಲಿಲ್ಲ. ಹಗೆತನ, ದುಡುಕು ಸ್ವಲ್ಪ ಕಡಿಮೆಯಾಯಿತು ಎಂದು ತರಬೇತಿ ಪಡೆದವರೇ ಹೇಳಿಕೊಂಡದ್ದು ನಿಜ. ಮೂರು ತಿಂಗಳ ನಂತರ ಕೇಳಿದಾಗ ಅದೂ ಉಳಿದಿರಲಿಲ್ಲ. ಹೆಡ್‌ಸೆಟ್ ಮಾರುವವರ ಜಾಹೀರಾತಿನಲ್ಲಿ ಈ ಅಧ್ಯಯನ ಕಾಣಸಿಗದು. ಜೈಲಿಗಾಗಿ ಹಣ ಖರ್ಚು ಮಾಡುವ ಯಾವ ಸರ್ಕಾರವಾದರೂ ಮೊದಲು ಓದಬೇಕಾದದ್ದು ಇದನ್ನೇ.

ಅಮೆರಿಕ: ಬಟ್ಟೆ ಒಗೆಯುವ ಪಾಠ

ಹದಿಹರೆಯದಲ್ಲಿ ಅಪರಾಧ ಮಾಡಿದವರಿಗೆ ಬದುಕಿಡೀ ಜೈಲು ಎಂದು ಕಡ್ಡಾಯವಾಗಿ ಶಿಕ್ಷೆ ವಿಧಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2012ರಲ್ಲಿ ತೀರ್ಪು ಕೊಟ್ಟಿತು. 2016ರಲ್ಲಿ ಅದು ಹಳೆಯ ಪ್ರಕರಣಗಳಿಗೂ ಅನ್ವಯ ಎಂದಿತು. ಇದರಿಂದ ಕೊಲರಾಡೋ ರಾಜ್ಯಕ್ಕೆ ಒಂದು ವಿಚಿತ್ರ ಸಮಸ್ಯೆ ಎದುರಾಯಿತು. ಹದಿನಾರು, ಹದಿನೇಳರಲ್ಲಿ ಒಳಗೆ ಹೋಗಿ ನಡುವಯಸ್ಸು ಮುಟ್ಟಿದವರು ಹೊರಬರಬೇಕು. ಅವರು ದೊಡ್ಡವರಾಗಿ ಒಂದು ದಿನವೂ ಹೊರಗೆ ಬದುಕಿದವರಲ್ಲ. ಆ ರಾಜ್ಯ 2016ರಲ್ಲಿ ಕಾನೂನು ಮಾಡಿ ಅವರಿಗೆಂದೇ ಮೂರು ವರ್ಷದ ಕಾರ್ಯಕ್ರಮ ರೂಪಿಸಿತು, ಫ್ರೀಮಾಂಟ್ ಜೈಲಿನಲ್ಲಿ ವಿಆರ್ ಪಾಠಗಳನ್ನು ಸೇರಿಸಿತು. ಪಾಠಗಳಾದರೂ ಎಂಥವು! ಯಂತ್ರದಲ್ಲಿ ಬಟ್ಟೆ ಒಗೆಯುವುದು. ಅಂಗಡಿಯಲ್ಲಿ ಸಾಮಾನು ಆರಿಸಿ, ತಾನೇ ಯಂತ್ರಕ್ಕೆ ತೋರಿಸಿ ದುಡ್ಡು ಕಟ್ಟುವುದು. ಹೊರಗಿರುವ ನಮಗೆ ಕ್ಷುಲ್ಲಕ ಎನ್ನಿಸುವ ಇವೇ ಕೆಲಸಗಳು ಅವರಿಗೆ ಅತ್ಯಂತ ಅಂಜಿಕೆಯವಾಗಿದ್ದವು. ಹಿಂದೆ ನಿಂತ ಸಾಲು ಗೊಣಗುತ್ತಿರುವಾಗ ಯಂತ್ರದ ಮುಂದೆ ಕೈ ನಡುಗುವುದನ್ನು ಪುಸ್ತಕ ಓದಿಸಿ ಹೋಗಲಾಡಿಸಲಾಗದು.

ಇತರ ರಾಜ್ಯಗಳಲ್ಲಿ ವಿಆರ್ ಕಸುಬಿನ ಕಡೆಗೆ ಹೊರಳಿತು. ವೆಲ್ಡಿಂಗ್, ವಾಹನ ರಿಪೇರಿ, ವಿದ್ಯುತ್ ಕೆಲಸದ ಮೊದಲ ಪಾಠಗಳನ್ನು ಬೆಂಕಿಯಾಗಲೀ ಹರಿತವಾದ ಸಲಕರಣೆಯಾಗಲೀ ಇಲ್ಲದೆ ಹೇಳಿಕೊಡಬಹುದು ಎಂಬುದು ಜೈಲು ಅಧಿಕಾರಿಗಳಿಗೆ ಹಿಡಿಸಿದ ಗುಣ.

ಕ್ಯಾಲಿಫೋರ್ನಿಯಾದ ಪ್ರಯೋಗ ಕನ್ನಡ ಓದುಗರಿಗೆ ಹೆಚ್ಚು ಹತ್ತಿರದ್ದು, ಏಕೆಂದರೆ ಅದರ ಬೇರು ರಂಗಭೂಮಿಯಲ್ಲಿದೆ. ನಟಿ ಸೇಬ್ರಾ ವಿಲಿಯಮ್ಸ್ ಮೊದಲು ‘ಆಕ್ಟರ್ಸ್ ಗ್ಯಾಂಗ್’ ತಂಡದ ಮೂಲಕ ಜೈಲುಗಳಲ್ಲಿ ನಾಟಕ ಮಾಡಿಸಿದವರು. ಆಮೇಲೆ ‘ಕ್ರಿಯೇಟಿವ್ ಆಕ್ಟ್ಸ್’ ಸಂಸ್ಥೆ ಕಟ್ಟಿ, ಕೊರ್ಕೊರನ್ ಜೈಲಿನ ಏಕಾಂತ ಬಂಧನದಲ್ಲಿದ್ದವರಿಗೂ ಹೆಡ್‌ಸೆಟ್ ಒಯ್ದರು. ಪ್ಯಾರಿಸ್‌ನ ಬೀದಿ, ಥಾಯ್ಲೆಂಡಿನ ಆಟೋ ಸವಾರಿ ಮುಂತಾದ ದೃಶ್ಯಗಳಿಂದ ಶುರುವಾಗಿ, ಕ್ರಮೇಣ ಮನಸ್ಸು ಕದಡುವ ಸನ್ನಿವೇಶಗಳತ್ತ ಸಾಗುವ ಕಾರ್ಯಕ್ರಮ ಅದು. ಹೆಡ್‌ಸೆಟ್ ತೆಗೆದ ಮೇಲೆ ಕಲಾವಿದರು, ಈ ಹಿಂದೆ ಸ್ವತಃ ಜೈಲಿನಲ್ಲಿದ್ದವರು ಸುತ್ತ ಇರುತ್ತಾರೆ. ಬಂದಿಗಳು ಕಂಡದ್ದನ್ನು ಆಡಿ, ಬರೆದು, ಹೇಳಿಕೊಂಡು ಹಗುರಾಗುತ್ತಾರೆ. ಚಿಕಿತ್ಸೆ ನಡೆಯುವುದು ಬಹುಪಾಲು ಆ ಎರಡನೆಯ ಭಾಗದಲ್ಲೇ ಎಂಬುದು ಈ ಲೇಖಕನ ಖಚಿತ ಅಭಿಪ್ರಾಯ. ಜೊತೆಗೆ ಇನ್ನೊಂದು ಮಾತನ್ನೂ ಹೇಳಬೇಕು: ಮನುಷ್ಯನನ್ನು ಕಿರುಕೋಣೆಯಲ್ಲಿ ಒಂಟಿಯಾಗಿ ಕೂಡಿಟ್ಟು, ಪರದೆಯಲ್ಲಿ ಆಕಾಶ ತೋರಿಸುವುದು ಆ ಕೂಡಿಡುವಿಕೆಗೆ ಸಮರ್ಥನೆಯಾಗಬಾರದು.

ಕರ್ನಾಟಕ: ರಂಗದ ಮೇಲಿನ ತಾಲೀಮು

ಬೇರೊಬ್ಬರ ಮೈಯೊಳಗೆ ಹೊಕ್ಕು ನೋಡುವ ಕೆಲಸವನ್ನು ಕರ್ನಾಟಕದ ಜೈಲುಗಳು ಹೆಡ್‌ಸೆಟ್‌ಗಿಂತ ಮೊದಲೇ ಮಾಡಿದ್ದವು. ಮೈಸೂರಿನ ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ 1990ರ ದಶಕದ ಕೊನೆಯಿಂದ ಬಂದಿಗಳ ಜೊತೆ ನಾಟಕ ಕಟ್ಟುತ್ತ ಬಂದರು. ‘ಸಂಕಲ್ಪ’ ಹೆಸರಿನಲ್ಲಿ ಬೆಳೆದ ಈ ಕೆಲಸದಲ್ಲಿ ಜೀವಾವಧಿ ಶಿಕ್ಷೆಯವರೂ ಬಣ್ಣ ಹಚ್ಚಿದರು. ಗಿರೀಶ ಕಾರ್ನಾಡರ ‘ತಲೆದಂಡ’, ಮ್ಯಾಕ್‌ಬೆತ್‌ನಿಂದ ಎಚ್.ಎಸ್. ಶಿವಪ್ರಕಾಶ್ ಕನ್ನಡಕ್ಕೆ ತಂದ ‘ಮಾರನಾಯಕ’ ಅವರು ಆಡಿದ ನಾಟಕಗಳಲ್ಲಿ ಸೇರಿವೆ. ಪ್ರದರ್ಶನಗಳು ಜೈಲಿನ ಗೋಡೆಯೊಳಗೇ ಮುಗಿಯಲಿಲ್ಲ. ಪೊಲೀಸ್ ಕಾವಲಿನಲ್ಲಿ ಹೊರಗಿನ ರಂಗಮಂದಿರಗಳಿಗೂ ಬಂದವು, ಟಿಕೆಟ್ ಕೊಂಡ ಪ್ರೇಕ್ಷಕರ ಎದುರು ನಡೆದವು.

‘ಮಾರನಾಯಕ’ದ ಆಯ್ಕೆಯನ್ನೇ ನೋಡಿ. ಅಧಿಕಾರದ ಆಸೆಗೆ ಕೊಲೆ ಮಾಡಿದವನ ನಿದ್ದೆ ಕೆಡುವ ಕಥೆ ಅದು. ಅದನ್ನು ಆಡಿದವರ ಪೈಕಿ ಕೊಲೆ ಪ್ರಕರಣದಲ್ಲಿ ಶಿಕ್ಷೆಯಾದವರಿದ್ದರು. ತಾಲೀಮಿನಲ್ಲಿ ಅದೇ ಮಾತನ್ನು ಮತ್ತೆ ಮತ್ತೆ ಹೇಳಬೇಕು, ಎದುರು ನಟನ ಮಾತು ಮುಗಿಯುವವರೆಗೆ ಸುಮ್ಮನಿರಬೇಕು, ನಿರ್ದೇಶಕ ತಿದ್ದಿದರೆ ಮುಖ ಗಂಟಿಕ್ಕದೆ ಕೇಳಬೇಕು, ಇನ್ನೊಬ್ಬ ಮರೆತರೆ ಅವನನ್ನು ಎತ್ತಿ ಹಿಡಿಯಬೇಕು. ಸಿಟ್ಟು ನಿಯಂತ್ರಣದ 16 ಬೈಠಕ್‌ಗಳಲ್ಲಿ ಡಚ್ಚರು ಕಲಿಸಲು ಹೊರಟದ್ದು ಬಹುಮಟ್ಟಿಗೆ ಇದನ್ನೇ. ವ್ಯತ್ಯಾಸವೆಂದರೆ ಇಲ್ಲಿ ತಿಂಗಳುಗಟ್ಟಲೆ ಒಂದು ತಂಡ ಜೊತೆಗಿರುತ್ತದೆ, ಕೊನೆಗೆ ಊರಿನ ಜನ ಎದುರು ಕೂತು ಚಪ್ಪಾಳೆ ತಟ್ಟುತ್ತಾರೆ. ಆ ಚಪ್ಪಾಳೆಯನ್ನು ಯಾವ ಯಂತ್ರವೂ ಕೊಡಲಾರದು.

ರಂಗಭೂಮಿಯ ಮಿತಿಯೂ ಸ್ಪಷ್ಟ. ಒಂದು ನಾಟಕಕ್ಕೆ ಹಿಡಿಯುವುದು ಕೆಲವೇ ಮಂದಿ. ಕಟ್ಟೀಮನಿಯವರಂಥ ಒಬ್ಬರು ಪ್ರತಿ ಜೈಲಿಗೂ ಸಿಗುವುದಿಲ್ಲ. ಅಗತ್ಯವೋ ಬೆಟ್ಟದಷ್ಟಿದೆ. ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ 5024 ಮಂದಿಯನ್ನು ಸಂದರ್ಶಿಸಿ 2011ರಲ್ಲಿ ಹೊರತಂದ ವರದಿಯ ಪ್ರಕಾರ, ಶೇಕಡಾ 79.6 ಮಂದಿಗೆ ಮಾನಸಿಕ ಕಾಯಿಲೆ ಅಥವಾ ಮಾದಕ ವಸ್ತು, ಮದ್ಯ, ತಂಬಾಕಿನಂಥ ಚಟದ ತೊಂದರೆಯಿತ್ತು. ಚಟವನ್ನು ಬಿಟ್ಟು ಲೆಕ್ಕ ಹಾಕಿದರೂ ಶೇಕಡಾ 27.6 ಮಂದಿ ಮಾನಸಿಕ ಚಿಕಿತ್ಸೆ ಬೇಕಾದ ಸ್ಥಿತಿಯಲ್ಲಿದ್ದರು. ತರಬೇತಿ ಪಡೆದ ಆಪ್ತಸಮಾಲೋಚಕರ ಕೈಯಲ್ಲಿ ವಿಆರ್ ಒಂದು ಸಲಕರಣೆಯಾಗಬಹುದಾದ ಜಾಗ ಇದು. ಪರದೆಯ ಬಳಕೆ ನಮ್ಮ ಜೈಲುಗಳಿಗೆ ಹೊಸದೂ ಅಲ್ಲ. ವಿಡಿಯೊ ಮೂಲಕ ನ್ಯಾಯಾಲಯಕ್ಕೆ ಹಾಜರಾಗುವುದು ನಡೆದೇ ಇತ್ತು. 2020ರ ಕೋವಿಡ್ ಕಾಲದಲ್ಲಿ ಮನೆಯವರ ಭೇಟಿ ನಿಂತಾಗ ಇ–ಮುಲಾಕತ್ ಎಂಬ ವಿಡಿಯೊ ಭೇಟಿ ಬಹಳ ಮಂದಿಗೆ ಆಸರೆಯಾಯಿತು.

ಹರಿಹರ ತಾಲ್ಲೂಕಿಗೆ ಮರಳುವವನ ಪಾಠ

ಕೊಲರಾಡೋದ ಪಾಠವನ್ನು ಹಾಗೆಯೇ ತಂದು ಇಲ್ಲಿ ಹಾಕಿದರೆ ಉಪಯೋಗವಿಲ್ಲ. ದಾವಣಗೆರೆ ಜಿಲ್ಲೆಯ ಉಕ್ಕಡಗಾತ್ರಿಯಂಥ ಊರಿಗೆ ಮರಳುವ ಬಂದಿಯನ್ನು ಎಣಿಸಿಕೊಳ್ಳೋಣ. ಕೊಲೆ ಪ್ರಕರಣದಲ್ಲಿ 2010ರಲ್ಲಿ ಒಳಗೆ ಹೋಗಿ, 14 ವರ್ಷ ಮುಗಿಸಿ, ಸನ್ನಡತೆಯ ಮೇಲೆ 2024ರಲ್ಲಿ ಹೊರಬಂದನೆನ್ನಿ. ನಡುವೆ ಪೆರೋಲ್ ಸಿಗಲಿಲ್ಲ. ಅವನು ಬಲ್ಲ ಐನೂರರ ನೋಟು 2016ರಲ್ಲಿ ರದ್ದಾಗಿದೆ. ಎರಡು ಸಾವಿರದ ನೋಟು ಬಂದು, 2023ರಲ್ಲಿ ಹಿಂದಕ್ಕೂ ಹೋಗಿದೆ. ಅವನು ಅದನ್ನು ಮುಟ್ಟಿಯೇ ಇಲ್ಲ. ಹರಿಹರದ ಬಸ್ ನಿಲ್ದಾಣದಲ್ಲಿ ಚಹಾ ಕುಡಿದವರು ಜೇಬಿಗೆ ಕೈ ಹಾಕದೆ ಅಂಗಡಿಯ ಮುಂದಿನ ಚೌಕಟ್ಟಿಗೆ ಮೊಬೈಲ್ ತೋರಿಸಿ ನಡೆದುಬಿಡುತ್ತಾರೆ. ಬಸ್ಸಿನಲ್ಲಿ ಹೆಂಗಸರು ಆಧಾರ್ ತೋರಿಸಿ ಶೂನ್ಯ ದರದ ಟಿಕೆಟ್ ಪಡೆಯುತ್ತಾರೆ. ಅವನು ಒಳಗೆ ಹೋದ ವರ್ಷವಷ್ಟೇ ದೇಶದಲ್ಲಿ ಆಧಾರ್ ಕೊಡಲು ಶುರುಮಾಡಿದ್ದು. ಈಗ ಅದಿಲ್ಲದೆ ರೇಷನ್, ಬ್ಯಾಂಕ್ ಖಾತೆ, ಸಿಮ್ ಎಲ್ಲಕ್ಕೂ ತೊಡಕು.

ಇಷ್ಟನ್ನು ಹೆಡ್‌ಸೆಟ್‌ನಲ್ಲಿ ಕಲಿಸುವುದು ಕಷ್ಟವಲ್ಲ. ಹರಿಹರದ ನಿಲ್ದಾಣ, ದಾವಣಗೆರೆಯ ಬ್ಯಾಂಕು, ನಾಡಕಚೇರಿಯ ಕಿಟಕಿ, ಮೊಬೈಲ್ ಅಂಗಡಿಗಳನ್ನು ಸುತ್ತಲೂ ಕಾಣುವ ಕ್ಯಾಮೆರಾದಲ್ಲಿ ಚಿತ್ರೀಕರಿಸಿ, ಆ ಕಡೆಯ ಜನರ ಮಾತಿನಲ್ಲೇ ದನಿ ಕೊಟ್ಟರೆ, ಓದು ಬಾರದವನಿಗೂ ಪಾಠ ತಲುಪುತ್ತದೆ. ವಿಆರ್‌ಗೆ ನಮ್ಮಲ್ಲಿ ಇರುವ ನಿಜವಾದ ಬಲ ಇದು.

ಕಷ್ಟವಿರುವುದು ಬಸ್ ಇಳಿದ ಮೇಲೆ. ತುಂಗಭದ್ರೆಯ ದಂಡೆಯ ಉಕ್ಕಡಗಾತ್ರಿಗೆ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಯೆಂದರೆ ಜೀವ. ಅಮಾವಾಸ್ಯೆಗೆ ದೂರದೂರುಗಳಿಂದ ಜನ ಕಿಕ್ಕಿರಿಯುತ್ತಾರೆ. ಮನಸ್ಸು ಕೆಟ್ಟ ಮಗನನ್ನೋ ಮಗಳನ್ನೋ ಕೈಹಿಡಿದು ತಂದು, ಹೊಳೆಯಲ್ಲಿ ಮೀಯಿಸಿ, ವಾಸಿಯಾಗಲೆಂದು ಕೂರುವ ತಂದೆತಾಯಿಯರು ಅಲ್ಲಿ ಯಾವಾಗಲೂ ಇರುತ್ತಾರೆ. ವರ್ಷಗಟ್ಟಲೆ ಎಣಿಸಿದಷ್ಟೇ ಮುಖ ನೋಡಿದವನು ಅಂಥ ಗುಂಪಿನ ನಡುವೆ ನಡೆಯಬೇಕು. ಗುಂಪಿಗಿಂತ ಭಾರವಾದದ್ದು ಗುರುತಿನ ನೋಟ. ಚಿಕ್ಕ ಊರಿನಲ್ಲಿ ಸತ್ತವನ ಮನೆಯವರೂ ಅದೇ ಓಣಿಯಲ್ಲೋ ಪಕ್ಕದ ಓಣಿಯಲ್ಲೋ ಇರುತ್ತಾರೆ. ಗದ್ದುಗೆಯ ಸಾಲಿನಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಹೊಲದ ದಾರಿಯಲ್ಲಿ ಅವರು ಎದುರಾದಾಗ ಏನು ಹೇಳಬೇಕು? ತಲೆ ತಗ್ಗಿಸಿ ದಾರಿ ಬಿಡಬೇಕೋ, ಕೈಮುಗಿಯಬೇಕೋ? ಆ ಮನೆಯ ತಾಯಿ ಬಾಯಿಗೆ ಬಂದಂತೆ ಬೈದರೆ? ಇದನ್ನು ತಾಲೀಮು ಮಾಡಿಸಲು ಆ ತಾಯಿಯ ಪಾತ್ರ ಮಾಡುವ ನಟಿಯೊಬ್ಬಳು, ಪಕ್ಕದಲ್ಲಿ ಸಮಾಲೋಚಕರೊಬ್ಬರು ಬೇಕು. ಬಾರ್ಸಿಲೋನಾದ ಕನ್ನಡಿಯೂ ಸಂಕಲ್ಪದ ರಂಗವೂ ಒಟ್ಟಿಗೆ ಬೇಕಾಗುವುದು ಇಂಥಲ್ಲಿ.

ಆಕ್ಷೇಪಗಳು

ಜೈಲಿನಲ್ಲಿ ಕೊಡುವ ಒಪ್ಪಿಗೆ ಎಷ್ಟು ಮುಕ್ತವಾದದ್ದು ಎಂಬುದು ಮೊದಲ ಪ್ರಶ್ನೆ. ಹೆಡ್‌ಸೆಟ್ ತೊಡಲು ಒಲ್ಲೆ ಎಂದರೆ ಸನ್ನಡತೆಯ ಲೆಕ್ಕದಲ್ಲಿ ಕಳೆದುಕೊಳ್ಳುತ್ತೇನೆಂದು ಹೆದರುವವನು ಒಪ್ಪಿದ ಹಾಗಲ್ಲ. ಹೆಡ್‌ಸೆಟ್ ತಲೆ, ಕೈಗಳ ಚಲನೆಯನ್ನು ದಾಖಲಿಸುತ್ತದೆ, ಕೆಲವು ಕಣ್ಣಿನ ಚಲನೆಯನ್ನೂ. ಆ ಮಾಹಿತಿ ಯಾರ ಕೈಸೇರುತ್ತದೆ, ಪೆರೋಲ್ ತೀರ್ಮಾನಕ್ಕೆ ಬಳಕೆಯಾಗುತ್ತದೆಯೇ ಎಂಬುದನ್ನು ಮೊದಲೇ ನಿಯಮದಲ್ಲಿ ಕಟ್ಟಿಹಾಕಬೇಕು. ಕೆಲವರಿಗೆ ತಲೆಸುತ್ತು, ವಾಕರಿಕೆ ಬರುತ್ತದೆ. ಚಿಕ್ಕಂದಿನಲ್ಲಿ ತಾವೇ ಏಟು ತಿಂದು ಬೆಳೆದವರಿಗೆ ಹಿಂಸೆಯ ದೃಶ್ಯ ಹಳೆಯ ಗಾಯವನ್ನು ಕೆದಕಬಹುದು. ಮನೆಯವರ ಮುಲಾಕತ್ತನ್ನು ಕಡಿತಮಾಡಿ ಅದರ ಬದಲು ಪರದೆ ಕೊಡುವ ಆಸೆಗಂತೂ ಯಾವ ಜೈಲೂ ಬೀಳಬಾರದು.

ಭಾರತದ ಮಟ್ಟಿಗೆ ಇನ್ನೂ ಆಳದ ಪ್ರಶ್ನೆಯಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು, ಅಂದರೆ ನಾಲ್ಕರಲ್ಲಿ ಮೂವರು. ಅಪರಾಧ ಸಾಬೀತಾಗದವನಿಗೆ ಸಂತ್ರಸ್ತೆಯ ಮೈ ತೊಡಿಸಿ ಪಶ್ಚಾತ್ತಾಪ ಕಲಿಸಲು ಹೋಗುವುದು ಅನ್ಯಾಯ. ಅವನಿಗೆ ಬೇಕಾದ್ದು ವಕೀಲ, ಜಾಮೀನು, ಬೇಗ ಮುಗಿಯುವ ವಿಚಾರಣೆ. ಬಯಸಿದರೆ ಕಸುಬಿನ ಪಾಠ, ನಿದ್ದೆಗೆಡಿಸುವ ಆತಂಕಕ್ಕೆ ವೈದ್ಯರ ನೆರವು. ಆದ್ದರಿಂದ ಅಪರಾಧವನ್ನು ಎದುರಿಟ್ಟು ಮಾಡುವ ವಿಆರ್ ಚಿಕಿತ್ಸೆ ಸಜಾಬಂದಿಗಳಿಗೆ ಮಾತ್ರ, ಅದೂ ಅವರು ಮನಸಾರೆ ಒಪ್ಪಿದರೆ ಮಾತ್ರ ಎಂಬ ಗೆರೆಯನ್ನು ಮೊದಲ ಹೆಡ್‌ಸೆಟ್ ಕೊಳ್ಳುವ ಮುನ್ನವೇ ಎಳೆಯಬೇಕಾಗುತ್ತದೆ.